ದರ್ಜಿ ಆಡದ ಮಾತು

ನಮ್ಮ ಬೀದಿಯ ದರ್ಜಿ ಅಳತೆಯ ವಿಷಯದಲ್ಲಿ ದೇವರೇ ಬಂದು ನಿಂತರೂ ಸುಳ್ಳು ಹೇಳುವವನಲ್ಲ. ಹೊಟ್ಟೆ ಒಳಗೆಳೆದು ನಿಂತ ಗಿರಾಕಿಗೆ, ಉಸಿರು ಬಿಡಿ ಸ್ವಾಮಿ, ಪ್ಯಾಂಟು ಹಾಕಿಕೊಂಡ ಮೇಲೂ ಬಿಡಬೇಕಲ್ಲ ಅನ್ನುತ್ತಿದ್ದ. ಕಾಲಿಂಚು ಹೆಚ್ಚು ಬರೆದದ್ದಿಲ್ಲ, ಕಾಲಿಂಚು ಕಡಿಮೆ ಬರೆದದ್ದಿಲ್ಲ. ಅಂಥವನ ಬಾಯಿಗೆ ಅವನು ಆಡದ ಮಾತೊಂದನ್ನು ತುರುಕಿದವನು ನಾನು.

ನಾನು ಕೋರ್ಟಿನ ಗೇಟಿನ ಪಕ್ಕ ಕೂತು ವಕೀಲರಿಗೆ ನೋಟೀಸು ಟೈಪ್ ಮಾಡಿಕೊಡುವವನು. ಹಿಂದೆಲ್ಲ ಜನ ಗೋಡೆ, ಬಾಡಿಗೆ, ಜೀವನಾಂಶ ಅಂತ ಬರುತ್ತಿದ್ದರು. ಈಗ ಮೊಬೈಲು ಹಿಡಿದುಕೊಂಡು ಬರುತ್ತಾರೆ: ಗ್ರೂಪಿನಲ್ಲಿ ಯಾರೋ ಏನೋ ಅಂದರು, ಮಾನ ಹೋಯಿತು. ಇಷ್ಟು ಸಲೀಸಾಗಿ ಹೋಗುವ ಮಾನ ಇಷ್ಟು ದಿನ ಎಲ್ಲಿತ್ತಪ್ಪಾ ಅಂತ ಒಳಗೊಳಗೇ ನಗುತ್ತಿದ್ದೆ. ನಗುತ್ತಲೇ ಟೈಪ್ ಮಾಡುತ್ತಿದ್ದೆ.

ಆ ಸಲ ಬಂದವರು ನಮ್ಮ ಬೀದಿಯ ರಿಟೈರಾದ ಮೇಷ್ಟ್ರು. ದಿನಾ ದರ್ಜಿಯ ಅಂಗಡಿ ಬಾಗಿಲಿಗೇ ಸ್ಕೂಟರ್ ನಿಲ್ಲಿಸುತ್ತಿದ್ದರು. ತಾಳ್ಮೆಗೆಟ್ಟ ದರ್ಜಿ ಬೀದಿಯ ವಾಟ್ಸಾಪ್ ಗ್ರೂಪಿನಲ್ಲಿ, ಇಲ್ಲಿ ಗಾಡಿ ನಿಲ್ಲಿಸಿದ ಕತ್ತೆ ಯಾರು ಅಂತ ಬರೆದ. ಗಾಡಿ ಯಾರದೆಂದು ಅವನಿಗೂ ಗೊತ್ತಿತ್ತು, ಬೀದಿಗೂ ಗೊತ್ತಿತ್ತು. ಹೆದರಿ ಒಂದು ಗಂಟೆಯೊಳಗೆ ಅಳಿಸಿದ. ಅಷ್ಟರಲ್ಲಿ ನಾನೂ ಓದಿ ನಕ್ಕಾಗಿತ್ತು. ಒಂದು ನೋಟೀಸು ಕೊಡೋಣ, ಕ್ಷಮೆ ಕೇಳಿದರೆ ಅಲ್ಲಿಗೆ ಮುಗಿಯಿತು ಅಂದರು ವಕೀಲರು.

ಬರೀ ಒಂದು ಕತ್ತೆಯಿಂದ ಎರಡು ಪುಟ ತುಂಬುವುದು ಹೇಗೆ? ಹಳೆಯ ನೋಟೀಸೊಂದನ್ನು ತೆಗೆದು ಹೆಸರು, ತಾರೀಕು ಬದಲಿಸಿಕೊಡುವುದು ನಮ್ಮ ಕಸುಬಿನ ರೂಢಿ. ಅದರಲ್ಲಿ 'ಕಳ್ಳ ಮುಂತಾಗಿ ನಿಂದಿಸಿ' ಎಂದಿತ್ತು. ಅದರ ಜೊತೆಗೆ ಕತ್ತೆ ಸೇರಿಸಿದೆ, ಕಳ್ಳನನ್ನು ತೂಕಕ್ಕಿರಲಿ ಅಂತ ಹಾಗೇ ಬಿಟ್ಟೆ. ವಕೀಲರು ಓದದೆ ಸಹಿ ಹಾಕಿದರು. ಮೇಷ್ಟ್ರು ಓದಿದರು. ಕಾಗದದಲ್ಲಿ ಕಂಡ ಮೇಲೆ ಅವರಿಗೆ ದರ್ಜಿ ಹಾಗಂದದ್ದು ನೆನಪೂ ಬಂತು.

ಕತ್ತೆ ಅಂದದ್ದಕ್ಕೆ ದರ್ಜಿ ಅವತ್ತೇ ಕೈಮುಗಿಯಲು ತಯಾರಿದ್ದ. ಕಳ್ಳ ಅಂದೆ ಅಂತ ಮಾತ್ರ ಒಪ್ಪಲಿಲ್ಲ. ಮೇಷ್ಟ್ರಿಗೆ ಎರಡಕ್ಕೂ ಕ್ಷಮೆ ಬೇಕು. ಕಡ್ಡಿ ಗುಡ್ಡವಾಗಿ ಕೇಸು ಎರಡು ವರ್ಷ ನಡೆಯಿತು. ವಾಯಿದೆ ಬಂದಾಗಲೆಲ್ಲ ಅವನು ಅಂಗಡಿ ಮುಚ್ಚಿ ಬಂದು, ಕೋರ್ಟಿನ ಮೆಟ್ಟಿಲ ಮೇಲೆ ಕೂತು ಶರ್ಟುಗಳಿಗೆ ಗುಂಡಿ ಹೊಲಿಯುತ್ತಿದ್ದ. ಊಟದ ನಡುವೆ ಕೈ ನಿಲ್ಲಿಸಿ, ನಾನು ಹಾಗಂದೆನಾ ಅಂತ ಕೇಳುತ್ತಾನೆಂದು ಅವನ ಹೆಂಡತಿ ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡಳು. ನಾನು ಬಾಯಿಬಿಟ್ಟರೆ ವಕೀಲರು ಪಕ್ಕದ ಮೇಜಿನವನಿಗೆ ಕೆಲಸ ಕೊಡುತ್ತಾರೆ. ಅದೊಂದೇ ಕಾರಣ, ಬೇರೆ ನೆಪ ನನ್ನ ಹತ್ತಿರ ಇಲ್ಲ.

ಕೊನೆಗೊಂದು ಬೆಳಿಗ್ಗೆ ಅವನು ನನ್ನ ಮೇಜಿಗೇ ಬಂದ. ನೋಟೀಸಿನ ಕೆಳಗಿದ್ದದ್ದು ವಕೀಲರ ಸಹಿ, ಟೈಪ್ ಮಾಡಿದ ಕೈ ಯಾರದೆಂದು ಅವನಿಗೆ ಗೊತ್ತಿಲ್ಲ.

"ಕ್ಷಮಾಪಣೆ ಬರ್ದುಕೊಡಿ ಅಣ್ಣ, ಎರಡಕ್ಕೂ," ಅಂದ. ಆಮೇಲೆ ತಡೆದು, "ನೀವೂ ಗ್ರೂಪಲ್ಲಿದ್ರಲ್ಲ. ನಾನು ಕಳ್ಳ ಅಂದಿದ್ನಾ?"

ಕುಂಬಳಕಾಯಿ ಕಳ್ಳನ ಹಾಗೆ ನನ್ನ ಕೈ ತಾನಾಗೇ ಹೆಗಲಿಗೆ ಹೋಯಿತು.

"ನಂಗೂ ಸರಿಯಾಗಿ ನೆನಪಿಲ್ಲ," ಅಂದೆ.

"ಹಾಗಾದ್ರೆ ಅಂದಿರ್ಬೇಕು ಬಿಡಿ. ಕಾಗದ ಸುಳ್ಳು ಹೇಳುತ್ತಾ?"

ನಾನೇ ಟೈಪ್ ಮಾಡಿದೆ, ಅವನು ಸಹಿ ಹಾಕಿದ. ಹೋಗುವಾಗ ನನಗೆ ಕೈಮುಗಿದು ಹೋದ. ಅದನ್ನು ನೆನೆದರೆ ಈಗಲೂ ನಾಚಿಕೆಯಿಂದ ಸಾಯುವ ಹಾಗಾಗುತ್ತದೆ.

ಹೋದ ವಾರ ಶರ್ಟು ಹೊಲಿಸಲು ಹೋಗಿದ್ದೆ. ನನ್ನ ಹೆಗಲಿನ ಅಳತೆ ತೆಗೆದ, ಮತ್ತೆ ತೆಗೆದ, ಮೂರನೇ ಸಲವೂ ತೆಗೆದ. ಆಮೇಲೆ ಟೇಪನ್ನು ಅಲ್ಲೇ ಹೆಬ್ಬೆರಳಿನಿಂದ ಒತ್ತಿ ಹಿಡಿದು ಹೆಂಡತಿಯನ್ನು ಕರೆದ.

"ಇದೆಷ್ಟಿದೆ, ನೀನೊಂದ್ಸಲ ಓದು," ಅಂದ.