ಸರೋಜಮ್ಮನ ತಿರಸ್ಕಾರದ ಪಟ್ಟಿ

ಯಾವ ಪದವನ್ನೂ ಅದರ ಭಾವ ಮುಖಕ್ಕೆ ತಂದು ನೋಡದೆ ಸರೋಜಮ್ಮ ಒಪ್ಪುತ್ತಿರಲಿಲ್ಲ. ಇಂಗ್ಲಿಷಿನ ‘ಸ್ಕಾರ್ನ್’ ಎಂದು ಬಂದರೆ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ತುಟಿಯ ಒಂದು ಮೂಲೆ ಎತ್ತಿ, ಎದುರು ಕೂತ ನನ್ನನ್ನು ನೋಡುವರು. ನಾನು ನಿಜವಾಗಿಯೂ ಕುಗ್ಗಿಹೋದರೆ, “ಹಾಂ, ಲಾಟ್ವಿಯನ್‌ನಲ್ಲಿ ಇದೇ ನಿಯೆವಸ್. ಬರ್ಕೊ,” ಎನ್ನುವರು.

ಲಿಂಗರಾಜಪುರದಲ್ಲಿ ಒಂದು ಬೇಕರಿಯ ಮೇಲಿನ ಮಹಡಿ ನಮ್ಮ ಆಫೀಸು. ಫೋನಿನಲ್ಲಿ ಓದುವ ನಿಘಂಟಿಗೆ ಇಂಗ್ಲಿಷ್ ಪದಗಳನ್ನೂ ಅವಕ್ಕೆ ಸರಿಯಾದ ಲಾಟ್ವಿಯನ್ ಪದಗಳನ್ನೂ ಹೊಂದಿಸಿಕೊಡುವ ಗುತ್ತಿಗೆ. ನಾನು ಟೈಪ್ ಮಾಡುತ್ತಿದ್ದೆ, ಅವರು ತಿದ್ದುತ್ತಿದ್ದರು. ಹಲಸೂರಿನ ಬೌದ್ಧ ಕುಟುಂಬದ ಸರೋಜಮ್ಮ ಆ ಭಾಷೆ ಕಲಿತದ್ದು ಯಾವ ಕಾಲೇಜಿನಲ್ಲೂ ಅಲ್ಲ. ರಿಚರ್ಡ್ಸ್ ಟೌನಿನಲ್ಲಿ ಪಿಯಾನೊ ಹೇಳಿಕೊಡುತ್ತಿದ್ದ ಲಾಟ್ವಿಯಾದ ಹೆಂಗಸೊಬ್ಬರ ಮನೆಯಲ್ಲಿ ಹದಿನಾಲ್ಕು ವರ್ಷ ಅಡುಗೆ ಮಾಡಿದ್ದರು. ಆಕೆ ಒಲೆಯ ಪಕ್ಕ ಕೂತು ಮಾತಾಡಿಸಿ, ಓದಿಸಿ, ಊರಿಗೆ ಮರಳುವಾಗ ಪುಸ್ತಕಗಳನ್ನೆಲ್ಲ ಇವರಿಗೇ ಬಿಟ್ಟುಹೋಗಿದ್ದರು.

ಅಗೌರವಕ್ಕೆ ಲಾಟ್ವಿಯನ್‌ನಲ್ಲಿ ‘ನೆತ್ಸಿಯೆಞ’ ಎನ್ನುತ್ತಾರೆ. ಅದನ್ನು ಸರೋಜಮ್ಮ ನನಗೋಸ್ಕರ ಕನ್ನಡದಲ್ಲಿ ಬರೆದು ತೋರಿಸಿ ನಕ್ಕಿದ್ದರು. “ಈ ಞ ಅಕ್ಷರಕ್ಕೆ ಕೆಲಸಾನೇ ಇಲ್ಲ ಅಂತಿದ್ರು ನಮ್ಮ ಮೇಷ್ಟ್ರು. ನೋಡು, ಅಲ್ಲಿ ಹೋಗಿ ಹೆಂಗೆ ದುಡೀತಾ ಇದೆ!”

ತಿರಸ್ಕಾರದ ಗುಂಪಿಗೆ ಬಂದಾಗ ಸೂಪರ್‌ವೈಸರ್‌ಗೂ ಅವರಿಗೂ ಜಟಾಪಟಿಯಾಯಿತು. ಎಲ್ಲಕ್ಕೂ ‘ನಿತ್ಸಿನಾಯುಮ್ಸ್’ ಅಂತ ಒಂದೇ ಪದ ಹಾಕಿ ಮುಗಿಸಿ ಎಂದು ಆತನ ಆತುರ.

“ಆಗಲ್ಲ ಸಾರ್. ಅಸಹ್ಯಪಟ್ಟು ದೂರ ಇಡೋದು ಒಂದು, ಆಡ್ಕೊಳ್ಳೋದು ಇನ್ನೊಂದು. ಎರಡೂ ತಿಂದಿದೀನಿ. ರುಚಿ ಬೇರೆ.”

ಆ ವಾರ ಆಫೀಸಿನಲ್ಲಿ ಕರೆಂಟು ಕೈಕೊಟ್ಟಿತು. ಪಟ್ಟಿ ಒಪ್ಪಿಸುವ ದಿನ ಹತ್ತಿರವಾಗಿತ್ತು. ನಾನೇ ಅವರನ್ನು ಹೊರಮಾವಿನ ನಮ್ಮ ಮನೆಗೆ ಕರೆದುಕೊಂಡು ಹೋದೆ. ತಾತ ರಾಗಿ ಬೆಳೆದ ಹೊಲದಲ್ಲಿ ಈಗ ನಮ್ಮ ಬಾಡಿಗೆ ಫ್ಲಾಟುಗಳಿವೆ. ಅಮ್ಮನಿಗೆ ಆ ಹೆಮ್ಮೆ ಜಾಸ್ತಿ. ಬಂದವರನ್ನು ನಗುತ್ತಲೇ ಕೂರಿಸಿ, “ನಿಮ್ಮ ಮನೆದೇವ್ರು ಯಾವ್ದಮ್ಮ?” ಎಂದರು.

“ನಾವು ಬುದ್ಧನ ಕಡೆಯವ್ರು.”

ಅಮ್ಮ ಒಳಗೆ ಹೋದರು. ಟೀ ಬಂತು. ನನಗೆ ಪಿಂಗಾಣಿ ಕಪ್ಪಿನಲ್ಲಿ, ಸರೋಜಮ್ಮನಿಗೆ ಪೇಪರ್ ಲೋಟದಲ್ಲಿ.

ನನ್ನ ಕಿವಿ ಬಿಸಿಯಾಯಿತು. ಬಾಯಿ ಮಾತ್ರ ತೆರೆಯಲಿಲ್ಲ. ಸರೋಜಮ್ಮ ಲೋಟ ಹಿಡಿದು ಎದ್ದು ನೇರ ಅಡುಗೆಮನೆಗೆ ನಡೆದರು. ಶೆಲ್ಫಿನಿಂದ ನನ್ನದರಂಥದ್ದೇ ಒಂದು ಕಪ್ಪು ತೆಗೆದು, ಟೀ ಬಗ್ಗಿಸಿಕೊಂಡು, ಬಂದು ಕೂತರು. “ಪೇಪರ್ ಲೋಟದಲ್ಲಿ ಬೇಗ ಆರೋಗತ್ತಮ್ಮ,” ಎಂದು ಅಮ್ಮನ ಮುಖ ನೋಡುತ್ತಲೇ ನಿಧಾನವಾಗಿ ಕುಡಿದರು. ಖಾಲಿ ಕಪ್ಪನ್ನು ತೊಳೆಯಲು ನಾನು ಕೈ ಚಾಚಿದರೆ, “ಬಿಡು. ನಾನು ಬಂದಿರೋದು ನೆಂಟಳಾಗಿ. ಮನೆಯವ್ರು ತೊಳೀತಾರೆ,” ಎಂದರು.

ಅವರು ಹೋದ ಮೇಲೆ ಆ ಕಪ್ಪು ಕಾಂಪೌಂಡಿನ ಮೇಲೆ ಇತ್ತು. ಅಮ್ಮ ಇಟ್ಟದ್ದು. ನಾನು ಅದನ್ನು ಕಂಡೂ ಒಳಗೆ ನಡೆದೆ.

ಮರುದಿನ ಆಫೀಸಿನಲ್ಲಿ ಸಾರಿ ಕೇಳಿದೆ.

“ನನ್ನತ್ರ ಯಾಕೆ ಸಾರಿ? ನಿನ್ನ ಬಾಯಿ ನಿಮ್ಮನೇಲಿ ಕೆಲಸ ಮಾಡಲ್ವಾ?” ಎಂದರು. ಕೋಪವೇನೂ ಇರಲಿಲ್ಲ. ಆಮೇಲೆ ‘ಡಿಸ್‌ಡೇನ್’ ಪದದ ಕೆಳಗೆ ಉದಾಹರಣೆ ವಾಕ್ಯ ಹೇಳಿ ಬರೆಸಿದರು, ಎರಡು ಭಾಷೆಯಲ್ಲೂ: ‘ಅವಳು ಮನೆಗೆ ಬಂದವಳಿಗೆ ಪೇಪರ್ ಲೋಟದಲ್ಲಿ ಟೀ ಕೊಟ್ಟಳು.’ ನನ್ನ ಬೆರಳು ಎರಡು ಸಲ ತಪ್ಪು ಒತ್ತಿತು. ಅವರು ಕಾದರು.

ಸೂಪರ್‌ವೈಸರ್ ಅದನ್ನು ಹೊಡೆದುಹಾಕಲು ಹೊರಟ. “ಇದ್ರಲ್ಲಿ ತಿರಸ್ಕಾರ ಎಲ್ಲಿದೆ ಮೇಡಂ? ಪೇಪರ್ ಕಪ್ ನಾರ್ಮಲ್ ಅಲ್ವಾ?”

“ಕಾಣದೇ ಇರೋರಿಗೇ ನಿಘಂಟು ಬೇಕಾಗೋದು. ಈ ವಾಕ್ಯ ತೆಗೆದ್ರೆ ನಾನು ತಿದ್ದಿರೋ ಅಷ್ಟನ್ನೂ ವಾಪಸ್ ತಗೋತೀನಿ. ಬೇರೆ ಯಾರನ್ನಾದ್ರೂ ಹುಡುಕ್ಕೊಳ್ಳಿ.”

ಬೆಂಗಳೂರಿಡೀ ಹುಡುಕಿಯೇ ಆತ ಇವರನ್ನು ಕಂಡುಕೊಂಡಿದ್ದ. ವಾಕ್ಯ ಉಳಿಯಿತು.

ಗುತ್ತಿಗೆ ಮುಗಿದ ಮೇಲೆ ಒಂದು ಭಾನುವಾರ ಹಲಸೂರಿನ ಅವರ ಮನೆಗೆ ಹೋದೆ. ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ಅಷ್ಟರಲ್ಲಿ ನನ್ನ ಮದುವೆ ಗೊತ್ತಾಗಿತ್ತು, ಕಾರ್ಡು ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿ, “ಚೆನ್ನಾಗಿದೆ. ಆದ್ರೆ ನಿಮ್ಮಮ್ಮ ಬಂದು ಕರೀಲಿ. ಇಲ್ಲೇ ಕೂತು, ಊಟ ಮಾಡಿ, ಕರೀಲಿ. ಆಮೇಲೆ ಬರ್ತೀನಿ,” ಎಂದರು.

“ಅಮ್ಮ ಬರದೇ ಇದ್ರೆ?”

“ನಾನೂ ಬರಲ್ಲ. ನಿನ್ನ ಮೇಲೆ ಕೋಪ ಅಂತಲ್ಲ ಕಣೇ.” ಬಾಗಿಲ ತನಕ ಬಂದು ನನ್ನ ಕೆನ್ನೆ ತಟ್ಟಿದರು.

ಅವರ ಮಾತು ತಲುಪಿಸಿದೆ. ಅಮ್ಮ ಹೋಗಲಿಲ್ಲ. ಸರೋಜಮ್ಮ ಬರಲಿಲ್ಲ. ಮದುವೆಯಾಗಿ ಮೂರು ತಿಂಗಳಿಗೆ ಅವರು ಹೃದಯಾಘಾತದಿಂದ ತೀರಿಹೋದರೆಂದು ಅವರ ತಂಗಿ ಫೋನ್ ಮಾಡಿದರು. ಮಣ್ಣು ಮಾಡಿದ ಮೇಲೆ ನೇರ ಹೊರಮಾವಿಗೆ ಬಂದೆ. ಅಮ್ಮ ವಿಷಯ ಕೇಳಿ ಲೊಚಗುಟ್ಟಿದರು.

“ಪಾಪ, ಒಳ್ಳೇ ಹೆಂಗಸು.”

“ಪಾಪ ಅನ್ಬೇಡಮ್ಮ,” ಎಂದೆ. “ಅವ್ರು ನಿನ್ನ ಕರೆದಿದ್ರು. ನೀನು ಹೋಗ್ಲಿಲ್ಲ. ಪಾಪ ಅನ್ನೋದಿದ್ರೆ ನಿನ್ನನ್ನ ಅನ್ಬೇಕು.”

ಅಮ್ಮ ನನ್ನನ್ನೇ ನೋಡಿದರು. ನಾನು ಕಣ್ಣು ತಗ್ಗಿಸಲಿಲ್ಲ.