ಹದಿನೆಂಟು ಇಂಚಿನ ಚಕ್ರ

ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಹೋಗುವ ರಸ್ತೆಯಲ್ಲಿ, ಮಾವಿನ ಮಂಡಿಗಳು ಮುಗಿದ ಮೇಲೆ, ಎಡಗಡೆಗೆ ಒಂದು ಟೈರ್ ಅಂಗಡಿ. ಅಂಗಡಿ ಅಂಜಮ್ಮನದು. ಅವಳ ಕೈಯಲ್ಲಿ ಏಟು ತಿನ್ನದ ಡ್ರೈವರ್ ಯಾರಾದರೂ ಈ ಕಡೆ ಇದ್ದರೆ ಅವನಿನ್ನೂ ಲೈಸೆನ್ಸ್ ಮಾಡಿಸಿಲ್ಲ ಅಂತ ತಿಳಿಯಿರಿ. ಸವೆದು ನುಣ್ಣಗಾದ ಟೈರಿಗೆ ‘ಇನ್ನೊಂದು ಟ್ರಿಪ್ ಬರುತ್ತೆ, ಗಾಳಿ ಹಾಕಕ್ಕಾ’ ಅಂದವನಿಗೆ ಬೆನ್ನ ಮೇಲೆ ಒಂದು. ಪಿಕಪ್‌ನಲ್ಲಿ ಟೊಮೊಟೊ ಕ್ರೇಟುಗಳನ್ನು ಆಕಾಶದವರೆಗೆ ಪೇರಿಸಿಕೊಂಡು ಬಂದು ‘ಟೈರ್ ಯಾಕೆ ಒಡೀತು?’ ಅಂತ ಕೇಳಿದವನಿಗೆ ಕೆನ್ನೆಗೆ ಒಂದು. ಅಬ್ಬಬ್ಬಾ, ಅದೇನು ಸಿಟ್ಟು! ಆದರೂ ಏಟು ತಿಂದವರೇ ಮಾರನೇ ವಾರ ಕೆನ್ನೆ ಸವರಿಕೊಳ್ಳುತ್ತಾ ಅವಳ ಅಂಗಡಿಗೇ ಬರುತ್ತಿದ್ದರು.

ಗಂಡ ಸುರೇಶ್ ಮದುವೆಯಾದ ಹೊಸದರಲ್ಲಿ ಕುಡಿದು ಬಂದು ಒಂದೇ ಒಂದು ಸಲ ಅವಳ ಮೇಲೆ ಕೈ ಮಾಡಿದ್ದ. ಪಂಕ್ಚರ್ ನೋಡಲು ಟ್ಯೂಬು ಮುಳುಗಿಸುವ ನೀರಿನ ತೊಟ್ಟಿ ಇರುತ್ತದಲ್ಲ, ಅದರೊಳಗೆ ಅವನ ತಲೆಯನ್ನು ಅದುಮಿ ಹಿಡಿದಳು. ಅವನ ಕಾಲು ಬಡಿಯುವುದು ನಿಲ್ಲುವಷ್ಟರಲ್ಲಿ ಅಕ್ಕಪಕ್ಕದವರು ಓಡಿಬಂದು ಬಿಡಿಸಿದರು. ಆಮೇಲೆ ಅವನು ಮಾಲೂರಿನ ಕಡೆ ಇಟ್ಟಿಗೆ ಲಾರಿಗೆ ಸೇರಿಕೊಂಡ, ಮತ್ತೆ ಈ ದಿಕ್ಕಿಗೆ ತಲೆ ಹಾಕಲಿಲ್ಲ. ಅಂಗಡಿ ಅವಳಿಗೆ ಉಳಿಯಿತು. ಅವನಿದ್ದಾಗಲೂ ಕೆಲಸ ಮಾಡುತ್ತಿದ್ದವಳು ಅವಳೇ ಬಿಡಿ.

ಇಂಥ ಹೆಂಗಸು ಒಬ್ಬನ ಮುಂದೆ ಮಾತ್ರ ಮೆತ್ತಗಾಗುತ್ತಿದ್ದಳು. ತಮ್ಮ ಕದಿರೇಶ. ಅವನಿಗೆ ಹಲ್ಲು ಬರುವ ಮುಂಚೆ ತಾಯಿ ತೀರಿಕೊಂಡಿದ್ದಳು. ಸೊಂಟದ ಮೇಲೆ ಹೊತ್ತು, ರಾಗಿ ಸರಿ ತಿನ್ನಿಸಿ, ಹೊಡೆದು ಬಡಿದು ಬೆಳೆಸಿದವಳು ಅಂಜಮ್ಮ. ಸಿಟ್ಟನ್ನೂ ಅವಳೇ ಕಲಿಸಿದಳು ಅಂತ ಜನ ಆಡಿಕೊಳ್ಳುತ್ತಿದ್ದರು, ಅದರಲ್ಲಿ ಸುಳ್ಳೇನೂ ಇರಲಿಲ್ಲ. ಈಗ ಅವನು ಮಂಡಿಯಲ್ಲಿ ಮಾವಿನಕಾಯಿ ಹರಾಜು ಕೂಗುವ ದೊಡ್ಡ ಮನುಷ್ಯ. ಮೊನ್ನೆ ಮೊನ್ನೆ ಮದುವೆಯಾಗಿ ಹೆಂಡತಿ ಅನಿತ ಬಸುರಿ. ಇಷ್ಟರ ಮೇಲೆ ಬೆಂಗಳೂರಿನಿಂದ ಒಂದು ಹಳೇ ಫಾರಿನ್ ಸ್ಪೋರ್ಟ್ಸ್ ಕಾರು ತಂದ. ಎರಡೇ ಬಾಗಿಲು, ಕೆಂಪು ಬಣ್ಣ, ನೆಲಕ್ಕೆ ಅಂಟಿಕೊಂಡಂತೆ ಕೂತಿರುತ್ತದೆ.

“ಅಕ್ಕಾ, ಇದಕ್ಕೆ ಹತ್ತೊಂಬತ್ತು ಇಂಚಿನ ಚಕ್ರ, ಅಗಲ ಟೈರು ಹಾಕ್ಬೇಕು. ಮದನಪಲ್ಲಿ ಹುಡುಗರ ಜೊತೆ ರಾಯಲ್ಪಾಡು ರೋಡಲ್ಲಿ ರೇಸ್ ಕಟ್ಟಿದೀನಿ,” ಅಂದ.

“ಹತ್ತೊಂಬತ್ತು ಹಾಕಿ ಎಲ್ಲಿ ಹೋಗ್ತೀಯಾ, ಸ್ಟೇರಿಂಗ್ ತಿರುಗಿಸಿದ್ರೆ ಟೈರು ಮಡ್ಗಾರ್ಡಿಗೆ ಉಜ್ಜುತ್ತೆ,” ಅಂತ ಅಂಜಮ್ಮ ಅವನ ತಲೆಗೆ ಮೊಟಕಿದಳು. ಆಮೇಲೆ ಕಾರಿನ ಕೆಳಗೆ ಮಲಗಿ, ಟೇಪು ಹಿಡಿದು, ಒಳಗೆ ಎಷ್ಟು ಜಾಗ, ಹೊರಗೆ ಎಷ್ಟು ಜಾಗ ಅಂತ ಅಳೆದಳು. ಕಾರಿಗೆ ಇದ್ದದ್ದು ಹದಿನೇಳು ಇಂಚಿನ ರಿಮ್ಮು. ರಿಮ್ಮು ಒಂದು ಇಂಚು ದೊಡ್ಡದಾದರೆ ರಬ್ಬರು ಅಷ್ಟಕ್ಕಷ್ಟು ತೆಳ್ಳಗಾಗಬೇಕು, ಚಕ್ರದ ಒಟ್ಟು ಎತ್ತರ ಮಾತ್ರ ಬದಲಾಗಬಾರದು. ಹದಿನೆಂಟು ಇಂಚಿನ ರಿಮ್ಮು, ಇನ್ನೂರಿಪ್ಪತ್ತೈದು ಮಿಲಿಮೀಟರ್ ಅಗಲದ ಟೈರು, ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ ನಲವತ್ತು. ಅದಕ್ಕಿಂತ ಒಂದು ಕೂದಲೂ ಹೆಚ್ಚಿಲ್ಲ ಅಂದಳು. ತಮ್ಮ ಒಪ್ಪಿದ. ಆ ಸಾಯಂಕಾಲ ಅಕ್ಕ ತಮ್ಮ ಇಬ್ಬರೂ ಅಂಗಡಿಯ ಮುಂದೆ ಕೂತು ಫೋನಿನಲ್ಲಿ ರಿಮ್ಮಿನ ಫೋಟೋಗಳನ್ನು ನೋಡುತ್ತಾ, ಇದು ಚೆಂದ, ಅದು ದರಿದ್ರ ಅಂತ ಕಿತ್ತಾಡಿದರು. ಅಂಜಮ್ಮನಿಗೆ ಅಷ್ಟು ಖುಷಿಯಾಗಿ ಯಾವ ಕಾಲವಾಗಿತ್ತೋ!

ಟೈರು ಅವಳೇ ತರಿಸಿದಳು. ರಿಮ್ಮು ಅವನು ಬೆಂಗಳೂರಿನ ಹಳೇ ಸಾಮಾನಿನ ಬೀದಿಯಿಂದ ತಂದ. ಕಪ್ಪಗೆ ಮಿರಮಿರ ಮಿಂಚುತ್ತಿದ್ದವು. ಅಂಜಮ್ಮ ಒಂದನ್ನು ಎತ್ತಿ ಕಾರಿಗೆ ಹಿಡಿದು ನೋಡಿದಳು, ಐದು ಬೋಲ್ಟಿನಲ್ಲಿ ಒಂದೂ ನೇರ ಹೋಗಲಿಲ್ಲ. ಬೋಲ್ಟುಗಳು ಕೂರುವ ವೃತ್ತ ಕಾರಿನದು ಒಂದು ಅಳತೆ, ಈ ರಿಮ್ಮಿನದು ಇನ್ನೊಂದು. ವ್ಯತ್ಯಾಸ ಎರಡು ಚಿಲ್ಲರೆ ಮಿಲಿಮೀಟರ್.

“ಇದು ಬೇರೆ ಗಾಡೀದು ಕಣೋ. ಕೂರಲ್ಲ. ವಾಪಸ್ ಕೊಟ್ಬಿಡು.”

“ಎರಡು ಮಿಲಿಗೆ ಏನಕ್ಕಾ ಆಗುತ್ತೆ? ಅರದಲ್ಲಿ ಉಜ್ಜಿದ್ರೆ ಆಯ್ತು. ಟ್ರೇಲರಿಗೆ ಮಾಡಲ್ವಾ ಎಲ್ರೂ?”

ಮಾಡುತ್ತಾರೆ, ನಿಜ. ಟ್ರ್ಯಾಕ್ಟರ್ ಟ್ರೇಲರಿಗೆ ಬೇರೆ ಕಡೆಯ ಚಕ್ರ ಸಿಕ್ಕಿದರೆ ತೂತನ್ನು ಅರದಲ್ಲಿ ಉಜ್ಜಿ, ಮೊಟ್ಟೆಯಾಕಾರ ಮಾಡಿ, ಬೋಲ್ಟು ಓರೆಯಾಗಿ ಬಿಗಿದು ಓಡಿಸುವುದು ಈ ತಾಲ್ಲೂಕಿನ ಹಳೇ ಚಾಳಿ. ಟ್ರೇಲರು ರಾಗಿ ಹುಲ್ಲು ಹೊತ್ತುಕೊಂಡು ಎತ್ತಿನ ನಡಿಗೆಯಲ್ಲಿ ಹೋಗುತ್ತದೆ, ಏನೂ ಆಗುವುದಿಲ್ಲ. ಇನ್ನೂರರ ವೇಗದಲ್ಲಿ ಆ ಬೋಲ್ಟುಗಳು ಒಂದೊಂದೇ ತುಂಡಾಗಿ ಚಕ್ರ ಕಳಚಿಕೊಂಡರೆ ಒಳಗೆ ಕೂತವನ ಹೆಣವನ್ನು ಗೋರಿಕೊಂಡು ತರಬೇಕು. ಅಂಜಮ್ಮ ಇದನ್ನೆಲ್ಲ ಹೇಳಿ, ಬೈದು, ಕೊನೆಗೆ ಅರವನ್ನೇ ಅವನ ಕಡೆ ಬೀಸಿ ಎಸೆದಳು. ಅವನ ಕಿವಿ ಸವರಿಕೊಂಡು ಹೋಗಿ ಗೋಡೆಗೆ ಬಡಿಯಿತು. ಕದಿರೇಶ ಮುಖ ದಪ್ಪ ಮಾಡಿಕೊಂಡು ಎದ್ದು ಹೋದ. ಬುದ್ಧಿ ಬಂತು ಅಂದುಕೊಂಡಳು ಅಂಜಮ್ಮ. ಎಲ್ಲಿಯ ಬುದ್ಧಿ!

ಶನಿವಾರ ಅವಳು ಟೇಕಲ್‌ಗೆ ನೆಂಟರ ಮಗುವಿನ ನಾಮಕರಣಕ್ಕೆ ಹೋಗಿದ್ದಳು. ಭಾನುವಾರ ಬೆಳಿಗ್ಗೆ ಬಸ್ಸಿಳಿದು ಬಂದರೆ ಅಂಗಡಿಯ ಬಾಗಿಲು ತೆರೆದಿದೆ, ಮುಂದೆ ಕೆಂಪು ಕಾರು ಕಪ್ಪು ಚಕ್ರ ತೊಟ್ಟು ನಿಂತಿದೆ. ಅನಿತ ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದಾಳೆ. ಮಂಡಿಯ ಹಮಾಲಿಗಳು, ಟೀ ಅಂಗಡಿಯವರು, ಎಲ್ಲ ಸೇರಿ ಕೇಕೆ ಹಾಕುತ್ತಿದ್ದಾರೆ.

“ಬಂದ್ಯಾ ಅಕ್ಕಾ? ನಿಂಬೆಹಣ್ಣು ನೀನೇ ಇಡು. ನಿನ್ ಕೈಯಿಂದ ಇಟ್ರೆ ಇವತ್ತಿನ ರೇಸು ನಾನೇ ಗೆಲ್ತೀನಿ,” ಅಂತ ಕದಿರೇಶ ನಾಲ್ಕು ಹಣ್ಣುಗಳನ್ನು ಅವಳ ಕೈಗೆ ತುರುಕಿದ. ಮುನಿಸು ಮರೆತವನಂತೆ ನಗುತ್ತಿದ್ದ.

ಯಾವುದೇ ಗಾಡಿ ಹೊರಡುವ ಮುಂಚೆ ಚಕ್ರದ ಕೆಳಗೆ ನಿಂಬೆಹಣ್ಣು ಇಡುವವಳು ಅವಳೇ. ಬಗ್ಗಿದಳು. ಮುಂದಿನ ಎಡ ಚಕ್ರದ ಬೋಲ್ಟಿನ ಪಕ್ಕದಲ್ಲಿ ಉಗುರಿನ ಹಾಗೆ ಒಂದು ಸಂದು ಕಂಡಿತು. ತೂತಿನ ಅಂಚಿನಲ್ಲಿ ಬೆಳ್ಳನೆಯ ಲೋಹದ ಪುಡಿ. ಪಕ್ಕದ ಬೋಲ್ಟು ನೋಡಿದಳು, ಅಲ್ಲೂ ಹಾಗೇ.

“ಏನ್ಲಾ ಇದು? ಉಜ್ಜಿದ್ಯಾ?”

“ಏನಾಗಲ್ಲ ಬಿಡಕ್ಕಾ. ನಿನ್ನೆ ರಾತ್ರಿ ಒಂದು ರೌಂಡ್ ಓಡಿಸಿ ನೋಡ್ದೆ. ಬೆಣ್ಣೆ ಹಾಗೆ ಹೋಗುತ್ತೆ.”

“ಒರೇಯ್, ಸಾಯ್ತೀಯ ಕಣೋ! ಹತ್ತಬೇಡ. ಕಾರಿನ ಬೀಗದ ಕೈ ಕೊಡು.”

“ಜನದ ಮುಂದೆ ಮರ್ಯಾದೆ ತೆಗೀಬೇಡ. ಪಕ್ಕಕ್ಕೆ ಹೋಗು,” ಅಂದು ಅವನು ಸೀಟಿನಲ್ಲಿ ಕೂತು ಎಂಜಿನ್ ಚಾಲೂ ಮಾಡಿದ. ಅಂಜಮ್ಮ ಕಿಟಕಿಯೊಳಗೆ ಕೈ ಹಾಕಿ ಅವನ ಕಾಲರ್ ಹಿಡಿದಳು. ಅವನು ತಳ್ಳಿದ ರಭಸಕ್ಕೆ ಅವಳು ಡಾಂಬರಿನ ಮೇಲೆ ಅಂಗಾತ ಬಿದ್ದಳು. ಗುಂಪಿನಲ್ಲಿ ಯಾರೋ ನಕ್ಕರು. ಆ ನಗು ಕೇಳಿ ಸಿಟ್ಟು ನೆತ್ತಿಗೇರಿತು ಅಂತ ನೀವು ಅಂದುಕೊಂಡರೆ ತಪ್ಪು. ಅವಳಿಗೆ ಸಿಟ್ಟಿರಲಿಲ್ಲ, ಭಯ. ಹೆತ್ತ ತಾಯಿಗೂ ಆಗದಂಥ ಭಯ.

ಕಾರಿನ ಮುಂದೆ ನೆರೆದ ಜನ ಸರಿಯುವಷ್ಟರಲ್ಲಿ ಅವಳು ಎದ್ದು ಅಂಗಡಿಯೊಳಗೆ ನುಗ್ಗಿ ಟ್ಯೂಬು ಕೊಯ್ಯುವ ಚಾಕು ತಂದಳು. ಹೊಸ ಟೈರಿನ ಮೇಲೆ ಒಂದು ಗೀರು ಬಿದ್ದರೂ ಸಂಕಟಪಡುವವಳು, ತಾನೇ ಆರಿಸಿ ತರಿಸಿದ ಟೈರಿನ ಪಕ್ಕೆಗೆ ಎರಡೂ ಕೈಯಲ್ಲಿ ಚಾಕು ನೆಟ್ಟಳು. ಢಬ್ ಅಂತ ಗಾಳಿ ಹೊರಟು ಮುಖಕ್ಕೆ ಧೂಳೆರಚಿತು. ಕಾರು ಒಂದು ಕಡೆಗೆ ಕುಸಿಯಿತು. ಅವಳು ಹಿಂದಿನ ಚಕ್ರಕ್ಕೆ ಓಡಿ ಅದನ್ನೂ ಸೀಳಿದಳು.

ಕದಿರೇಶ ಕೆಳಗಿಳಿದು ಅವಳ ಜುಟ್ಟು ಹಿಡಿದು ಎಳೆದ. ಅವಳು ತಿರುಗಿ ಅವನ ಮುಂಗೈಯನ್ನು ರಕ್ತ ಬರುವಂತೆ ಕಚ್ಚಿದಳು. ಅವನು ಹೊಟ್ಟೆಗೆ ಒದ್ದ. ಅವಳು ಮಂಡಿಯೂರಿಕೊಂಡೇ ಆ ಕಡೆಗೆ ತೆವಳಿ ಮೂರನೆಯದನ್ನೂ ಸೀಳಿದಳು. “ಬಿಡ್ರೀ, ಅಕ್ಕ ಕಣ್ರೀ ಅದು, ಬಿಡ್ರೀ!” ಅಂತ ಅನಿತ ಬಾಯಿ ಬಡಿದುಕೊಂಡಳು. ಯಾರೂ ಹತ್ತಿರ ಬರಲಿಲ್ಲ. ಅಕ್ಕ ತಮ್ಮನ ಜಗಳಕ್ಕೆ ಹೋದವನು ಇಬ್ಬರಿಂದಲೂ ತಿನ್ನಬೇಕು ಅಂತ ಊರಿಗೆಲ್ಲ ಗೊತ್ತಿತ್ತು. ಕದಿರೇಶನ ಕೈಗೆ ವೀಲ್ ಸ್ಪ್ಯಾನರ್ ಸಿಕ್ಕಿತು. ನಾಲ್ಕನೇ ಟೈರಿಗೆ ಚಾಕು ಎತ್ತಿದ್ದ ಅವಳ ಬಲಗೈಯ ಮಣಿಕಟ್ಟಿಗೆ ಬೀಸಿ ಹೊಡೆದ. ಮೂಳೆ ಮುರಿದ ಸದ್ದು ಟೀ ಅಂಗಡಿಯವರೆಗೂ ಕೇಳಿಸಿತಂತೆ. ಚಾಕು ಬಿತ್ತು. ಅವಳು ಎಡಗೈಯಲ್ಲಿ ಅದನ್ನು ಎತ್ತಿಕೊಳ್ಳಲು ಹೋದಾಗ ಭುಜಕ್ಕೆ ಇನ್ನೊಂದು ಹೊಡೆದ. ಆಮೇಲೆ ಅವಳಿಗೆ ಏನೂ ಕಾಣಲಿಲ್ಲ.

ಕಣ್ಣು ಬಿಟ್ಟಾಗ ಸರ್ಕಾರಿ ಆಸ್ಪತ್ರೆಯ ಮಂಚದ ಮೇಲಿದ್ದಳು. ಕೈ ಬಾತು ಕುಂಬಳಕಾಯಿಯಾಗಿತ್ತು. ಪಕ್ಕದಲ್ಲಿ ಅನಿತ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು.

“ಅವ್ನೆಲ್ಲಿ?” ಅಂದಳು ಅಂಜಮ್ಮ.

“ಕೋಲಾರಕ್ಕೆ ಹೋದ್ರಕ್ಕಾ, ಬೇರೆ ಟೈರ್ ತರೋಕೆ. ಮದನಪಲ್ಲಿಯವರು ರೇಸನ್ನ ಸಾಯಂಕಾಲಕ್ಕೆ ಇಟ್ಕೊಂಡ್ರಂತೆ. ಅದೇ ರಿಮ್ಮಿಗೆ ಹಾಕಿ ಹೋಗ್ತೀನಿ, ಅವಳೇನು ಮಾಡ್ತಾಳೋ ನೋಡ್ತೀನಿ ಅಂದ್ರು. ನನ್ ಮಾತು ಕೇಳಲ್ಲಕ್ಕಾ.”

ಅಯ್ಯೋ ದೇವುಡಾ! ಕೊಯ್ದದ್ದು ಟೈರನ್ನು. ರಿಮ್ಮು ಹಾಗೇ ಇದೆ. ಮೂಳೆ ಮುರಿಸಿಕೊಂಡು ಅವನ ಆಯಸ್ಸಿಗೆ ಸೇರಿಸಿದ್ದು ಬರೀ ಅರ್ಧ ದಿನ. ಅವಳು ಏಳಲು ಹೋದಳು, ತಲೆ ಸುತ್ತಿ ಮತ್ತೆ ಬಿದ್ದಳು. ಗೋಡೆಗೆ ಒದ್ದಳು. ಈ ಜನ್ಮದಲ್ಲಿ ಕೈ ಬೀಸಿ ಆಗದ ಕೆಲಸ ಅವಳಿಗೆ ಇದೇ ಮೊದಲು ಎದುರಾಗಿತ್ತು.

ಅಷ್ಟರಲ್ಲಿ ಹೆಡ್ ಕಾನ್‌ಸ್ಟೇಬಲ್ ಚಂದ್ರಮೋಹನ್ ಒಳಗೆ ಬಂದರು. ಆಸ್ಪತ್ರೆಯವರು ಸ್ಟೇಷನ್ನಿಗೆ ಫೋನ್ ಮಾಡಿದ್ದರು.

“ಏನಮ್ಮಾ, ಮನೆ ಜಗಳಾನಾ? ರಾಜಿ ಮಾಡ್ಕೊತೀರಾ ಹೆಂಗೆ?”

ಹೂಂ ಅಂತ ತಲೆಯಾಡಿಸಲು ಹೊರಟವಳು ತಟಕ್ಕನೆ ತಡೆದುಕೊಂಡಳು. ಅನಿತಳ ಮುಖ ನೋಡಿದಳು, ಅವಳ ಹೊಟ್ಟೆ ನೋಡಿದಳು.

“ರಾಜಿ ಇಲ್ಲ ಸಾರ್. ಕಂಪ್ಲೇಂಟ್ ಬರ್ಕೊಳ್ಳಿ. ನನ್ ತಮ್ಮ ಕದಿರೇಶ ನನ್ನ ಸಾಯಿಸೋಕೆ ಬಂದ.”

ಅನಿತ “ಅಕ್ಕಾ!” ಅಂತ ಕಿರುಚಿದಳು.

“ಯಾವುದ್ರಲ್ಲಿ ಹೊಡೆದ?”

“ಚಕ್ರದಲ್ಲಿ ಸಾರ್. ಕಪ್ಪು ರಿಮ್ಮು. ಹದಿನೆಂಟು ಇಂಚಿಂದು.”

“ಯಾವ ಚಕ್ರ?”

“ನಾಲ್ಕರಲ್ಲೂ.”

ಚಂದ್ರಮೋಹನ್ ಪೆನ್ನು ನಿಲ್ಲಿಸಿ ಅವಳನ್ನು ನೋಡಿದರು. “ನಾಲ್ಕೂ ಚಕ್ರ ಬಿಚ್ಚಿ, ಎತ್ತಿ, ಹೊಡೆದ್ನಾ?”

“ಒಂದೊಂದಾಗಿ ಹೊಡೆದ ಸಾರ್. ನಾಲ್ಕನ್ನೂ ಸ್ಟೇಷನ್ನಿಗೆ ಎತ್ತಾಕ್ಕೊಂಡು ಹೋಗಿ. ಹೊಡೆದಿರೋ ವಸ್ತುನ ನೀವು ತಗೊಳ್ಳೇಬೇಕಲ್ವಾ? ಕೇಸ್ ಮುಗಿಯೋವರೆಗೂ ಯಾರ್ ಬಂದು ಕೇಳಿದ್ರೂ ಕೊಡ್ಬೇಡಿ.”

ಚಂದ್ರಮೋಹನ್ ಅವಳ ಅಂಗಡಿಯಲ್ಲಿ ಬೈಕಿಗೆ ಟೈರು ಹಾಕಿಸಿ, ಬೈಗುಳ ತಿಂದವರೇ. ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡರು. ಅವಳು ಎಡಗೈ ಹೆಬ್ಬೆಟ್ಟು ಒತ್ತಿದಳು.

ಸಾಯಂಕಾಲದ ಹೊತ್ತಿಗೆ ಕದಿರೇಶನನ್ನು ಹಿಡಿದು, ಅವನ ಕೈಯ ಗಾಯ ತೋರಿಸಲು ಅದೇ ಆಸ್ಪತ್ರೆಗೆ ಕರೆತಂದರು. ಕಾರನ್ನು ಇಟ್ಟಿಗೆಯ ಮೇಲೆ ಕೂರಿಸಿ ನಾಲ್ಕೂ ಚಕ್ರಗಳನ್ನು ಜೀಪಿಗೆ ತುಂಬಿದ್ದರು. ಅವನು ಪೊಲೀಸರ ಕೈ ಕೊಸರಿಕೊಂಡು ಅವಳ ಮಂಚದ ಹತ್ತಿರ ನುಗ್ಗಿದ.

“ನಾನು ಹೊಡೆದಿದ್ದು ಸ್ಪ್ಯಾನರಲ್ಲಿ! ಚಕ್ರದಲ್ಲಿ ಎಲ್ಲೇ ಹೊಡೆದೆ? ಯಾಕೇ ಸುಳ್ಳು ಹೇಳ್ತೀಯಾ?”

“ಚಕ್ರದಲ್ಲೇ ಹೊಡೆದ ಸಾರ್,” ಅಂದಳು ಅಂಜಮ್ಮ, ಚಂದ್ರಮೋಹನ್ ಕಡೆ ನೋಡುತ್ತಾ.

“ಥೂ! ನನ್ನ ಜೈಲಿಗೆ ಹಾಕಿಸ್ತಿದೀಯಲ್ಲ, ನೀನೂ ಒಬ್ಬಳು ಅಕ್ಕಾನಾ? ಇವತ್ತಿಂದ ನನ್ನ ಪಾಲಿಗೆ ನೀನು ಸತ್ತೆ. ನನ್ನ ಮಗೂನ ನಿನ್ ಕಣ್ಣಿಗೂ ತೋರಿಸಲ್ಲ.”

ಅಂಜಮ್ಮ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಎರಡು ಕೈ, ಎರಡು ಕಾಲು, ಬೆವರಿದ ಕತ್ತು, ಉಬ್ಬಿದ ನರ, ಎಲ್ಲ ಇದ್ದಲ್ಲೇ ಇತ್ತು. ಪೊಲೀಸರು ಎಳೆದುಕೊಂಡು ಹೊರಟರು. ಅವನು ಬೈಯುತ್ತಲೇ ಹೋದ. ಹೊರಗಿನ ವರಾಂಡದಲ್ಲಿ ಬೈದ, ಮೆಟ್ಟಿಲ ಮೇಲೆ ಬೈದ, ಜೀಪಿನೊಳಗಿಂದ ಬೈದ. ಅವಳು ಕಿವಿಗೊಟ್ಟು ಕೇಳಿಸಿಕೊಳ್ಳುತ್ತಿದ್ದಳು. ಜೀಪು ಹೋಗಿ ಅವನ ದನಿ ನಿಂತ ಮೇಲೆ, ಕೈ ಬಹಳ ನೋಯುತ್ತಿದೆ ಅಂತ ನರ್ಸಮ್ಮನನ್ನು ಕರೆದು ಅಳತೊಡಗಿದಳು.