ಹೋಟೆಲಿನ ಎದುರು ಇಡ್ಲಿ ಗಾಡಿ

ಇಡ್ಲಿ ಅಕ್ಕನ ಬೆರಳ ತುದಿಗಳಲ್ಲಿ ರೇಖೆಗಳೇ ಇರಲಿಲ್ಲ. ಇಪ್ಪತ್ತು ವರ್ಷ ಮೇಟಗಳ್ಳಿಯ ಒಂದು ಹೋಟೆಲಿನಲ್ಲಿ ಹಬೆಯಾಡುವ ತಟ್ಟೆಗಳನ್ನು ಬರಿಗೈಯಲ್ಲಿ ಎತ್ತಿ ಎತ್ತಿ ಸವೆದುಹೋಗಿದ್ದವು. ಹೆಬ್ಬೆಟ್ಟು ಒತ್ತಿದರೆ ರೇಷನ್ ಅಂಗಡಿಯ ಯಂತ್ರ ಒಪ್ಪುತ್ತಿರಲಿಲ್ಲ. ಎಷ್ಟೋ ತಿಂಗಳು ಅಕ್ಕಿಯಿಲ್ಲದೆ ವಾಪಸು ಬರುತ್ತಿದ್ದರು.

ಹಾಗೆ ಬಂದ ಒಂದು ದಿನ ಹೋಟೆಲಿನಲ್ಲಿ ಮಿಕ್ಕಿದ್ದ ಅನ್ನವನ್ನು ಡಬ್ಬಿಗೆ ಹಾಕಿಕೊಂಡರು. ಮಾಲೀಕ ಬಾಗಿಲಲ್ಲೇ ತಡೆದು, ಊಟಕ್ಕೆ ಕೂತಿದ್ದ ನಮ್ಮೆಲ್ಲರ ಮುಂದೆ ಡಬ್ಬಿ ತೆಗೆಸಿದ.

"ಇವತ್ತು ಅನ್ನ, ನಾಳೆ ಗಲ್ಲಾಪೆಟ್ಟಿಗೆ" ಎಂದ.

ಅಕ್ಕ ಅನ್ನವನ್ನು ಅವನ ಮೇಜಿನ ಮೇಲೆ ಸುರಿದು ಹೊರಟುಹೋದರು. ನಾನು ಆಗ ಫ್ಯಾಕ್ಟರಿಯೊಂದರಲ್ಲಿ ಕಾಂಟ್ರ್ಯಾಕ್ಟ್ ಕೆಲಸಗಾರ. ತಲೆ ತಗ್ಗಿಸಿ ಸಾರು ಕಲಸಿಕೊಂಡೆ.

ತಿಂಗಳೊಳಗೆ ಹೋಟೆಲಿನ ಬಾಗಿಲಿಗೆ ನೇರ ಎದುರು ಅವರ ತಳ್ಳುಗಾಡಿ ನಿಂತಿತು. ಅರ್ಧ ಬೆಲೆಗೆ ಇಡ್ಲಿ. ಉದ್ದು ಏರಿತು, ಗ್ಯಾಸ್ ಏರಿತು, ನಮ್ಮ ಮನೆ ಬಾಡಿಗೆಗಳೂ ಏರಿದವು. ಹೋಟೆಲಿನವನು ವರ್ಷಕ್ಕೆರಡು ಸಲ ಬೆಲೆಪಟ್ಟಿ ಬದಲಿಸಿದ. ಅಕ್ಕ ಬದಲಿಸಲಿಲ್ಲ. ಗ್ಯಾಸ್ ಬಿಟ್ಟು ಸೌದೆಗೆ ಇಳಿದರು, ಓಲೆ ಮಾರಿದರು, ತಾವು ಒಂದೇ ಹೊತ್ತು ಉಂಡರು.

"ಎರಡು ರೂಪಾಯಿ ಜಾಸ್ತಿ ಮಾಡಿ ಅಕ್ಕ, ಯಾರೂ ಬೇಜಾರ್ ಮಾಡ್ಕೊಳ್ಳಲ್ಲ" ಎಂದೆ ಒಮ್ಮೆ.

"ನಿಮ್ ಮ್ಯಾಲಿನ ಪ್ರೀತಿಗೆ ಕೊಡ್ತಿಲ್ಲ ಕಣಪ್ಪ. ಅವ್ನು ಬಾಗ್ಲು ಆಕ್ಬೇಕು. ಅಲ್ಲೀಗಂಟ ಇದೇ ರೇಟು."

ಆರನೇ ವರ್ಷ, ಒಂದು ಬೆಳಿಗ್ಗೆ ಮಾಲೀಕನೇ ರಸ್ತೆ ದಾಟಿ ಬಂದ. ಸೊರಗಿದ್ದ.

"ರೇಟು ಸ್ವಲ್ಪ ಏರ್ಸಮ್ಮ. ಇಬ್ರೂ ಬದುಕ್ಕೊಳ್ಳೋಣ."

ಅಕ್ಕ ಅವನ ಕೈಯಲ್ಲಿದ್ದ ಚೀಲ ನೋಡಿದರು. "ಅದ್ರಲ್ಲಿ ಏನೈತೆ, ತೆಗ್ದು ತೋರ್ಸಿ."

ಸುತ್ತ ನಾವು ಹತ್ತಾರು ಜನ ಇಡ್ಲಿ ತಿನ್ನುತ್ತಿದ್ದೆವು. ಅವನು ಒಬ್ಬೊಬ್ಬರ ಮುಖ ನೋಡಿದ. ನಾವು ಇಡ್ಲಿಗೆ ಚಟ್ನಿ ಹಚ್ಚಿಕೊಂಡೆವು. ಕೊನೆಗೆ ಚೀಲ ತೆರೆದ. ಮಾತ್ರೆಗಳು, ಆಸ್ಪತ್ರೆಯ ಚೀಟಿ, ಒಂದು ಟವೆಲ್ಲು.

"ಸರಿ, ಓಗಿ" ಎಂದರು ಅಕ್ಕ.

ನನಗೆ ಅಂದು ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಆ ಚೀಟಿ ಕಂಡ ಮೇಲೂ ಅದು ಕಡಿಮೆಯಾಗಲಿಲ್ಲ.

ಎರಡು ತಿಂಗಳಲ್ಲಿ ಹೋಟೆಲು ಮುಚ್ಚಿತು. ಮಾರನೇ ದಿನವೇ ಅಕ್ಕ ಇಡ್ಲಿ ಬೆಲೆ ಏರಿಸಿದರು.

ಹೋದ ವರ್ಷ ಅವರು ತೀರಿಕೊಂಡರು. ಬಡವರ ಹೊಟ್ಟೆ ನೋಡಿದ ಪುಣ್ಯಾತ್ಗಿತ್ತಿ ಎಂದು ಬೀದಿಯವರೆಲ್ಲ ಹೇಳಿದರು. ನಾನು ತಿದ್ದಲು ಹೋಗಲಿಲ್ಲ. ಅಷ್ಟು ವರ್ಷ ನನ್ನ ಹೊಟ್ಟೆ ತುಂಬಿಸಿದ್ದು ಅವರ ಸಿಟ್ಟು ಎಂದು ಗೊತ್ತಿದ್ದವನು ನಾನೊಬ್ಬನೇ ಇದ್ದೆನೇನೋ. ಚಟ್ಟಕ್ಕೆ ಹೆಗಲು ಕೊಟ್ಟೆ. ಭಾರವೇ ಇರಲಿಲ್ಲ.